ಲಷ್ಕರೀ ವೆಚ್ಚದ ಕಡಿತ: ಯಾರ ಸಲುವಾಗಿ, ಯಾರ ಒಪ್ಪಿಗೆಯಿಂದ?

(ಶಿಕ್ಷಕರೂ ನಾಗರಿಕರೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ರಾಷ್ಟ್ರದ ಸೈನ್ಯಕ್ಕಾಗಿ ಆಗುವ ಖರ್ಚನ್ನು ಕಡಿಮೆ ಮಾಡಬೇಕೇ ಬೇಡವೇ ಎಂಬ ವಿಷಯದ ಮೇಲೆ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನಮಗೆ ಅಪ್ಪಣೆ ಮಾಡಿರುವಿರಿ. ಈ ಪ್ರಶ್ನೆ ಎದ್ದಲ್ಲೆಲ್ಲ ಜನರು ಕೂಡಲೇ ಎರಡು ಪಕ್ಷವಾಗಿ ನಿಲ್ಲುವುದುಂಟು. ಸೈನ್ಯಕ್ಕೆ ಸುರಿದ ಹಣವೆಲ್ಲ ಮಣ್ಣುಪಾಲು ಎಂದು ಒಂದು ಪಕ್ಷ ಹೇಳುತ್ತದೆ. ಸೈನ್ಯದ ಖರ್ಚನ್ನು ಕುರಿತು ಲೆಕ್ಕ ಕೇಳುವವನೇ ದೇಶದ್ರೋಹಿ ಎಂದು ಮತ್ತೊಂದು ಪಕ್ಷ ಹೇಳುತ್ತದೆ. ಈ ಎರಡೂ ಮಾತುಗಳು ಯೋಚಿಸುವ ಶ್ರಮವನ್ನು ತಪ್ಪಿಸುವುದಕ್ಕೆ ಹೇಳಿದ ಮಾತುಗಳೆಂದು ನಮ್ಮ ಅಭಿಪ್ರಾಯ. ನಮ್ಮ ದೇಶದಲ್ಲಿಯೇ ಈ ವಾದವು ಅರವತ್ತು ವರ್ಷಗಳಿಗೂ ಮಿಕ್ಕಿ ನಡೆದಿದೆ. ಕಾಂಗ್ರೆಸ್ಸು ಹುಟ್ಟಿದ ೧೮೮೫ರಲ್ಲಿ ಮೊದಲಾಗಿ, ಸ್ವಾತಂತ್ರ್ಯ ಬಂದ ೧೯೪೭ರವರೆಗೂ ನಮ್ಮ ಹಿರಿಯರು ಇದನ್ನು ಬಿಡದೆ ಮಂಡಿಸಿದರು. ಅವರು ಏನು ಕೇಳಿದರು, ಸರಕಾರ ಏನು ಉತ್ತರ ಕೊಟ್ಟಿತು, ಸ್ವರಾಜ್ಯ ಬಂದ ಮೇಲೆ ಏನಾಯಿತು ಎಂಬುದನ್ನು ಅನುಕ್ರಮವಾಗಿ ನೋಡಿದರೆ, ಇಂದು ನಾವು ಯಾವ ನಿರ್ಣಯಕ್ಕೆ ಬರಬೇಕೆಂಬುದು ತಾನಾಗಿಯೇ ಸ್ಪಷ್ಟವಾದೀತು.

ಕನ್ನಡ ನಾಡೂ ಸೈನ್ಯದ ಲೆಕ್ಕವೂ

ಮೊದಲು ನಮ್ಮ ಮನೆಯ ಮಾತನ್ನೇ ಹೇಳೋಣ. ಕನ್ನಡ ನಾಡು ಹರಿದು ಹಂಚಿಹೋದ ಕಥೆಯನ್ನು ತಾವೆಲ್ಲ ಬಲ್ಲಿರಿ. ಆದರೆ ಆ ಹರಿವಿನ ಬಹುಭಾಗ ಸೈನ್ಯವೆಚ್ಚದ ಲೆಕ್ಕಪತ್ರಗಳಲ್ಲಿ ಬರೆದು ಮುಗಿದುದೆಂಬುದನ್ನು ಎಷ್ಟು ಜನ ಗಮನಿಸಿದ್ದೇವೆ?

ಶ್ರೀರಂಗಪಟ್ಟಣವು ಬಿದ್ದ ೧೭೯೯ರಲ್ಲಿಯೇ ಕಂಪನಿ ಸರಕಾರದವರು ಮೈಸೂರು ಸಂಸ್ಥಾನಕ್ಕೆ ಒಂದು ಕರಾರನ್ನು ವಿಧಿಸಿದರು. ಸಂಸ್ಥಾನದ ರಕ್ಷಣೆಗೆ ಕಂಪನಿಯ ಸೈನ್ಯವಿರುವುದು. ಅದಕ್ಕಾಗಿ ಸಂಸ್ಥಾನವು ಪ್ರತಿವರ್ಷ ಏಳು ಲಕ್ಷ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು ಕೊಡತಕ್ಕದ್ದು. ಹಣ ತಪ್ಪುವ ಸಂಭವವಿದ್ದರೆ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದೆಂಬ ಷರತ್ತು ಅದರಲ್ಲಿ ಅಡಗಿತ್ತು. ೧೮೩೧ರಲ್ಲಿ ಬೆಂಟಿಂಕನು ಅದೇ ಷರತ್ತನ್ನು ಮುಂದೆ ಮಾಡಿ ಅರಸರ ಕೈಯಿಂದ ಅಧಿಕಾರವನ್ನು ಕಸಿದುಕೊಂಡನು. ಐವತ್ತು ವರ್ಷಗಳ ಮೇಲೆ, ೧೮೮೧ರಲ್ಲಿ, ರಾಜ್ಯವನ್ನು ಮರಳಿ ಒಪ್ಪಿಸುವಾಗ ಈ ಪೊಗದಿಯನ್ನು ೩೫ ಲಕ್ಷಕ್ಕೆ ಏರಿಸಿದರು. ಏರಿದ ಮೊತ್ತದ ವಸೂಲಿ ೧೮೯೬ರಿಂದ ನಡೆಯಿತು. ೧೯೨೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತಮಹೋತ್ಸವದ ಕಾಲಕ್ಕೆ ವ್ಹಾಯಿಸರಾಯ ಅರ್ವಿನ್ನರು ಹತ್ತೂವರೆ ಲಕ್ಷದ ರಿಯಾಯಿತಿಯನ್ನು ಸಾರಿದ ಮೇಲೆ ಅದು ಮತ್ತೆ ಹಳೆಯ ಮೊತ್ತಕ್ಕೆ ಇಳಿಯಿತು. ಸೈನ್ಯ ಎಷ್ಟಿರಬೇಕು, ಎಲ್ಲಿರಬೇಕು, ಯಾರ ಮೇಲೆ ಹೋಗಬೇಕು ಎಂಬುದರಲ್ಲಿ ಮೈಸೂರಿನ ಪ್ರಜೆಗೆ ಯಾವ ಮಾತೂ ಇರಲಿಲ್ಲ. ಹಣ ಕೊಡುವುದೊಂದೇ ಅವನ ಪಾಲಿನ ಕೆಲಸ.

ಇನ್ನು ಬಳ್ಳಾರಿಯ ಸಂಗತಿ. ಮೈಸೂರಿನ ಯುದ್ಧಗಳಲ್ಲಿ ನಿಜಾಮನಿಗೆ ದೊರೆತ ಆ ಸೀಮೆಯನ್ನು ೧೮೦೦ರಲ್ಲಿ ಆತನು ಕಂಪನಿಗೆ ಬಿಟ್ಟುಕೊಟ್ಟನು. ಏಕೆ? ತನ್ನ ರಾಜ್ಯದಲ್ಲಿ ಕಂಪನಿಯು ಇರಿಸಿದ ಸೈನ್ಯದ ವೆಚ್ಚಕ್ಕೆ ಬದಲಾಗಿ. ‘ದತ್ತ ಮಂಡಲ’ವೆಂಬ ಹೆಸರು ಹುಟ್ಟಿದ್ದು ಹೀಗೆ, ಬಳ್ಳಾರಿಯು ಮದ್ರಾಸಿನ ಪಾಲಾದದ್ದೂ ಹೀಗೆಯೇ. ೧೮೧೭ರ ಪುಣೆಯ ಒಪ್ಪಂದದಲ್ಲಿ ಪೇಶವೆಯು ಧಾರವಾಡದ ಕೋಟೆಯನ್ನೂ ಸುತ್ತಣ ಸೀಮೆಯನ್ನೂ ಬಿಟ್ಟುಕೊಟ್ಟದ್ದು ಸಹ ಕಂಪನಿಯು ಸಾಕುವ ಪಡೆಯ ಖರ್ಚಿನ ಲೆಕ್ಕದಲ್ಲಿಯೇ. ೧೮೫೩ರಲ್ಲಿ ಹೈದರಾಬಾದಿನ ‘ಕಂಟಿಂಜೆಂಟ್’ ಪಡೆಯ ಸಾಲಕ್ಕಾಗಿ ವರ್ಹಾಡದ ಸಂಗಡ ರಾಯಚೂರಿನ ದೋಆಬವನ್ನೂ ಒತ್ತೆಯಿಟ್ಟಂತೆ ಇಂಗ್ಲಿಷರ ವಶಕ್ಕೆ ಕೊಡಲಾಯಿತು. ೧೮೬೦ರಲ್ಲಿ ಅದು ನಿಜಾಮನಿಗೆ ತಿರುಗಿ ಬಂದಿತು. ಕೃಷ್ಣೆ ತುಂಗಭದ್ರೆಗಳ ನಡುವಿನ ನಾಡು, ವಿದ್ಯಾರಣ್ಯರ ನಾಡು, ಸಿಪಾಯಿಗಳ ಸಂಬಳದ ಬಾಕಿಗೆ ಅಡವು ಬಿದ್ದಿತ್ತು!

ಈ ಮಾತುಗಳನ್ನು ಹಳೆಯ ಗಾಯವನ್ನು ಕೆದಕುವುದಕ್ಕೆಂದು ನಾವು ಹೇಳಲಿಲ್ಲ. ೧೯೫೬ರ ನವೆಂಬರ ೧ರಂದು ಕನ್ನಡ ನಾಡಿನ ಬಹುಭಾಗ ಒಂದು ಆಡಳಿತದ ಕೆಳಗೆ ಬಂದಿತು. ಆ ಲೆಕ್ಕ ಅಷ್ಟಕ್ಕೆ ಮುಗಿಯಿತು. ಆದರೆ ಸೈನ್ಯವೆಚ್ಚವೆಂಬುದು ಬರಿಯ ಅಂಕಿಗಳ ಮಾತಲ್ಲ, ಅದರ ಹಿಂದೆ ಅಧಿಕಾರ ಯಾರದೆಂಬ ಪ್ರಶ್ನೆ ಯಾವಾಗಲೂ ಇರುತ್ತದೆ ಎಂಬುದಕ್ಕೆ ನಮ್ಮ ನಾಡಿಗಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.

ಹಿರಿಯರ ವಾದ

ಈಗ ಇಡಿಯ ಹಿಂದುಸ್ಥಾನದ ಮಾತಿಗೆ ಬರೋಣ. ೧೮೫೭ರ ದಂಗೆಯ ನಂತರ ಇಂಗ್ಲಿಷರು ಸೈನ್ಯವನ್ನು ಹೊಸದಾಗಿ ಕಟ್ಟಿದರು. ಇಬ್ಬರು ದೇಶೀ ಸಿಪಾಯಿಗಳಿಗೆ ಸುಮಾರು ಒಬ್ಬ ಗೋರಾ ಸಿಪಾಯಿ ಎಂಬ ಪ್ರಮಾಣವನ್ನು ಹಾಕಿಕೊಂಡರು. ತೋಪಖಾನೆಯ ಮುಖ್ಯಭಾಗವನ್ನು ಗೋರಾಗಳ ಕೈಯಲ್ಲಿಯೇ ಇಟ್ಟುಕೊಂಡರು. ಗೋರಾ ಸಿಪಾಯಿಯ ವೆಚ್ಚ ದೇಶೀ ಸಿಪಾಯಿಯ ವೆಚ್ಚದ ಹಲವು ಪಟ್ಟು. ಅಲ್ಲದೆ ಆತನನ್ನು ಇಂಗ್ಲಂಡದಲ್ಲಿ ಸೇರಿಸಿಕೊಂಡು ತರಬೇತು ಮಾಡಿದ ಖರ್ಚೆಂದು ತಲೆಗೆ ಇಷ್ಟೆಂದು ಲಂಡನ್ನಿಗೆ ಬೇರೆ ಕಟ್ಟಬೇಕು. ಈ ಸೈನ್ಯವು ಹೊರಶತ್ರುವಿಗಾಗಿ ಎಷ್ಟೋ, ಒಳಗಿನ ಪ್ರಜೆಯನ್ನು ಅಂಕೆಯಲ್ಲಿಡುವುದಕ್ಕಾಗಿಯೂ ಅಷ್ಟೇ ಇತ್ತು. ಮೇಲಾಗಿ ಅದು ಸಾಮ್ರಾಜ್ಯದ ಕೈಚೀಲದಂತೆ ಬೇಕೆಂದಲ್ಲಿಗೆ ಹೋಗುತ್ತಿತ್ತು. ೧೮೬೭–೬೮ರ ಅಬಿಸೀನಿಯದ ದಂಡಯಾತ್ರೆಗೂ ೧೮೮೨ರ ಈಜಿಪ್ತದ ಯುದ್ಧಕ್ಕೂ ಇಲ್ಲಿಂದ ಪಡೆಗಳು ಹೋದವು. ಖರ್ಚಿನ ಪಾಲು ನಮ್ಮ ರಾಯತನ ಮೇಲೆ ಬಿದ್ದಿತು.

೧೮೮೫ರಲ್ಲಿ ಪಂಜದೇಹದಲ್ಲಿ ರಷ್ಯದ ಪಡೆಗಳೂ ಅಫಗಾನರೂ ಕಾದಾಡಿದ್ದೇ ನೆಪವಾಗಿ ಹಿಂದುಸ್ಥಾನದ ಸೈನ್ಯಕ್ಕೆ ಮೂವತ್ತು ಸಾವಿರ ಜನರನ್ನು ಕೂಡಿಸಿದರು. ಅದೇ ವರ್ಷ ಡಿಸೆಂಬರದಲ್ಲಿ ಮುಂಬಯಿಯಲ್ಲಿ ನೆರೆದ ಕಾಂಗ್ರೆಸ್ಸಿನ ಮೊದಲನೆಯ ಅಧಿವೇಶನದಲ್ಲಿಯೇ ಈ ವೃದ್ಧಿಯು ಅನಾವಶ್ಯಕವೆಂದು ಠರಾವು ಮಾಡಲಾಯಿತು. ಸರಕಾರದವರು ಕಿವಿಗೊಡಲಿಲ್ಲ. ೧೮೮೬ರಲ್ಲಿ ಆದಾಯತೆರಿಗೆ ಬಂದಿತು. ೧೮೮೮ರಲ್ಲಿ ಉಪ್ಪಿನ ತೆರಿಗೆಯನ್ನು ಮಣಕ್ಕೆ ಎರಡು ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿಸಿದರು. ರೂಪಾಯಿಯ ಬೆಲೆಯ ಇಳಿತ, ಬರ್ಮಾದ ಯುದ್ಧ ಮೊದಲಾದ ಬೇರೆ ಕಾರಣಗಳೂ ಇದ್ದವು ನಿಜ. ಆದರೆ ಆಗಿನ ಕಾಲದ ಪ್ರತಿಯೊಂದು ಹೊಸ ತೆರಿಗೆಯ ಬೆನ್ನ ಹಿಂದೆ ಸೈನ್ಯದ ನೆರಳು ಇದ್ದೇ ಇತ್ತು.

೧೮೯೫ರಲ್ಲಿ ಲಾರ್ಡ್ ವೆಲ್ಬಿಯ ಅಧ್ಯಕ್ಷತೆಯಲ್ಲಿ ಹಿಂದುಸ್ಥಾನದ ಖರ್ಚುವೆಚ್ಚಗಳ ವಿಚಾರಣೆಗೆಂದು ರಾಜಮನ್ನಣೆಯ ಕಮಿಶನ್ನು ನೇಮಕವಾಯಿತು. ದಾದಾಭಾಯಿ ನವರೋಜಿಯವರು ಅದರ ಸದಸ್ಯರಾಗಿದ್ದರು. ೧೮೯೭ರಲ್ಲಿ ದೀನಶಾ ವಾಛಾ, ಸುರೇಂದ್ರನಾಥ ಬ್ಯಾನರ್ಜಿ, ಜಿ. ಸುಬ್ರಹ್ಮಣ್ಯ ಅಯ್ಯರ್ ಇವರ ಸಂಗಡ ಆಗ ಮೂವತ್ತರ ತರುಣರಾಗಿದ್ದ ಗೋಪಾಲಕೃಷ್ಣ ಗೋಖಲೆಯವರೂ ಲಂಡನ್ನಿಗೆ ಹೋಗಿ ಸಾಕ್ಷಿ ನುಡಿದರು. ಸಾಮ್ರಾಜ್ಯದ ಹಿತಕ್ಕಾಗಿ ಇರಿಸಿದ ಸೈನ್ಯದ ವೆಚ್ಚವನ್ನು ಸಾಮ್ರಾಜ್ಯವೂ ಹೊರಬೇಕು ಎಂಬುದು ಅವರೆಲ್ಲರ ವಾದದ ತಿರುಳು. ೧೯೦೦ರಲ್ಲಿ ಕಮಿಶನ್ನು ವರದಿ ಕೊಟ್ಟಾಗ ಬಹುಮತದವರು ಅಲ್ಪಸ್ವಲ್ಪ ಪರಿಹಾರವನ್ನು ಸೂಚಿಸಿದರು. ದಾದಾಭಾಯಿ, ವೆಡರ್‌ಬರ್ನ್, ಕೇನ್ ಇವರು ಬೇರೆಯಾದ ವರದಿಯನ್ನೇ ಬರೆದರು.

ಗೋಖಲೆಯವರ ನಿಲುವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಯಾಕೆಂದರೆ ಅದನ್ನು ಬಹುಜನರು ತಪ್ಪಾಗಿ ತಿಳಿದಿದ್ದಾರೆ. ಅವರು ಸೈನ್ಯವೇ ಬೇಡವೆಂದವರಲ್ಲ. ೧೯೦೨ರಿಂದ ವರ್ಷವರ್ಷವೂ ವ್ಹಾಯಿಸರಾಯರ ಕೌನ್ಸಿಲಿನಲ್ಲಿ ಮುಂಗಡಪತ್ರದ ಮೇಲೆ ಮಾತಾಡುವಾಗ ಅವರು ಮೂರು ಸಂಗತಿಗಳನ್ನು ಬಿಡದೆ ಮುಂದಿಟ್ಟರು. ಸಾಮ್ರಾಜ್ಯದ ಕೆಲಸಕ್ಕೆ ಬೇಕಾದ ಪಡೆಯ ಖರ್ಚನ್ನು ಇಂಗ್ಲಂಡವು ಹಂಚಿಕೊಳ್ಳಲಿ ಎಂಬುದು ಒಂದು. ದೇಶದ ಮಕ್ಕಳನ್ನು ಅಧಿಕಾರಿಗಳ ಹುದ್ದೆಗೆ ಏರಿಸಿದರೆ ವೆಚ್ಚವೂ ಇಳಿಯುವುದು, ವಿಶ್ವಾಸವೂ ಬೆಳೆಯುವುದು ಎಂಬುದು ಎರಡು. ಉಳಿದ ಹಣವನ್ನು ಪ್ರಜೆಯ ವಿದ್ಯೆಗೂ ಆರೋಗ್ಯಕ್ಕೂ ಹಾಕಿರಿ ಎಂಬುದು ಮೂರು. ಈ ಮೂರನೆಯ ಮಾತಿನ ಬೆಲೆಯನ್ನು ಶಿಕ್ಷಕರಾದ ತಮಗೆ ನಾವು ಬಿಡಿಸಿ ಹೇಳಬೇಕಿಲ್ಲ. ೧೯೧೧ರಲ್ಲಿ ಅವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದರು. ೧೯೧೨ರಲ್ಲಿ ಅದು ೧೩ಕ್ಕೆ ೩೮ ಮತಗಳಿಂದ ಬಿದ್ದುಹೋಯಿತು. ಸೈನ್ಯಕ್ಕೆ ಕೋಟಿಗಟ್ಟಲೆ ಕೊಡುವ ಬೊಕ್ಕಸವು ಅಕ್ಷರಕ್ಕೆ ಬಂದಾಗ ಬಡತನವನ್ನು ತೋರಿಸುವ ರೂಢಿ ಅಂದಿನದೇ.

ಆದರೆ ಗೋಖಲೆಯವರ ಕೈಯಲ್ಲಿದ್ದ ಆಯುಧವಾದರೂ ಎಂಥದು? ೧೮೯೨ರ ಕಾಯಿದೆಯಂತೆ ಕೌನ್ಸಿಲಿನ ಸದಸ್ಯರು ಮುಂಗಡಪತ್ರದ ಮೇಲೆ ಮಾತಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. ಎಷ್ಟು ಚೆನ್ನಾಗಿ ಮಾತಾಡಿದರೂ ಒಂದು ಕಾಸೂ ಕಡಿಮೆಯಾಗುತ್ತಿರಲಿಲ್ಲ. ಈ ಮಾತನ್ನು ತಾವು ನೆನಪಿಟ್ಟುಕೊಳ್ಳಬೇಕು. ಕೊನೆಯಲ್ಲಿ ಇದರ ಕೆಲಸ ಬೀಳುವುದಿದೆ.

ಇಂಚ್‌ಕೇಪ್ ಕಮಿಟಿಯೂ ಉಪ್ಪಿನ ತೆರಿಗೆಯೂ

ಮೊದಲನೆಯ ಮಹಾಯುದ್ಧವು ಈ ಭಾರವನ್ನು ಮತ್ತಷ್ಟು ಹೆಚ್ಚಿಸಿತು. ೧೯೧೭ರಲ್ಲಿ ಹಿಂದುಸ್ಥಾನ ಸರಕಾರವು ಇಂಗ್ಲಂಡಕ್ಕೆ ಹತ್ತು ಕೋಟಿ ಪೌಂಡು, ಅಂದರೆ ಆಗಿನ ದರದಂತೆ ೧೫೦ ಕೋಟಿ ರೂಪಾಯಿಗಳನ್ನು ‘ಕೊಡುಗೆ’ಯಾಗಿ ಒಪ್ಪಿಸಿತು. ೧೯೧೯ರ ಅಫಗಾನ ಯುದ್ಧ, ವಝೀರಿಸ್ತಾನದ ದಂಡಯಾತ್ರೆ ಇವುಗಳಿಂದ ೧೯೨೦–೨೧ರಲ್ಲಿ ಸೈನ್ಯದ ವೆಚ್ಚ ೮೦ ಕೋಟಿಯನ್ನು ಮೀರಿತು. ಯುದ್ಧಕ್ಕೆ ಮುಂಚೆ ಅದು ೩೦ ಕೋಟಿಯ ಆಸುಪಾಸಿನಲ್ಲಿತ್ತು. ವರ್ಷವರ್ಷವೂ ತೂತುಬಿದ್ದ ಮುಂಗಡಪತ್ರ. ಕಟ್ಟಕಡೆಗೆ ಸರಕಾರದವರು ೧೯೨೨ರಲ್ಲಿ ಲಾರ್ಡ್ ಇಂಚ್‌ಕೇಪನ ಅಧ್ಯಕ್ಷತೆಯಲ್ಲಿ ಖರ್ಚು ಕಡಿತದ ಕಮಿಟಿಯನ್ನು ನೇಮಿಸಿದರು.

ಈ ಕಮಿಟಿಯಲ್ಲಿದ್ದವರು ಚಳವಳಿಗಾರರಲ್ಲ, ವ್ಯಾಪಾರಸ್ಥರು. ಇಂಚ್‌ಕೇಪನೇ ದೊಡ್ಡ ಹಡಗಿನ ಕಂಪನಿಯ ಒಡೆಯ. ಸದಸ್ಯರಲ್ಲಿ ಪುರುಷೋತ್ತಮದಾಸ ಠಾಕೂರದಾಸ, ರಾಜೇಂದ್ರನಾಥ ಮುಖರ್ಜಿ ಮೊದಲಾದವರಿದ್ದರು. ಅಂಥವರೇ ೧೯೨೩ರಲ್ಲಿ, ಒಟ್ಟು ೧೯ ಕೋಟಿಗೂ ಮೇಲ್ಪಟ್ಟು ಕಡಿತವಾಗಬೇಕು, ಅದರ ಅರ್ಧಕ್ಕಿಂತ ಹೆಚ್ಚು ಸೈನ್ಯದಿಂದಲೇ ಬರಬೇಕು, ಸೈನ್ಯದ ವೆಚ್ಚವು ಕೂಡಲೇ ಸುಮಾರು ೫೭ ಕೋಟಿಗೆ, ಮುಂದೆ ಕ್ರಮವಾಗಿ ೫೦ ಕೋಟಿಗೆ ಇಳಿಯಬೇಕು ಎಂದು ಹೇಳಿದರು. ಕಾಂಗ್ರೆಸ್ಸು ಮೂವತ್ತೆಂಟು ವರ್ಷ ಕೂಗಿದ್ದನ್ನು ಹಡಗಿನ ಒಡೆಯನೊಬ್ಬನು ಲೆಕ್ಕದ ಪುಸ್ತಕವನ್ನು ತೆರೆದು ಸಿದ್ಧಪಡಿಸಿದಂತಾಯಿತು. ಸೇನಾಪತಿ ರಾಲಿನ್‌ಸನ್ನನು ಗೊಣಗುತ್ತಲೇ ಬಹುಭಾಗವನ್ನು ಒಪ್ಪಿಕೊಂಡನು. ಗೋರಾ ಪಡೆಗಳಲ್ಲಿ ಕೆಲವು ಕಡಿಮೆಯಾದವು.

ಆದರೆ ಅದೇ ೧೯೨೩ರ ಮುಂಗಡಪತ್ರದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನೋಡಿರಿ. ಕಡಿತವಾದ ಮೇಲೂ ಉಳಿದ ಕೊರತೆಯನ್ನು ತುಂಬಲು ಅರ್ಥಸಚಿವ ಬ್ಲ್ಯಾಕೆಟ್ಟನು ಉಪ್ಪಿನ ತೆರಿಗೆಯನ್ನು ಮಣಕ್ಕೆ ಒಂದು ರೂಪಾಯಿ ನಾಲ್ಕಾಣೆಯಿಂದ ಎರಡು ರೂಪಾಯಿ ಎಂಟಾಣೆಗೆ, ಅಂದರೆ ಸರಿಯಾಗಿ ಇಮ್ಮಡಿಗೆ, ಏರಿಸಬೇಕೆಂದನು. ಶಾಸನಸಭೆಯು ಅದನ್ನು ತಳ್ಳಿಹಾಕಿತು. ವ್ಹಾಯಿಸರಾಯ ರೀಡಿಂಗನು ತನ್ನ ವಿಶೇಷಾಧಿಕಾರದಿಂದ ರುಜು ಹಾಕಿ ಅದನ್ನು ಜಾರಿಗೆ ತಂದನು. ೫೭ ಕೋಟಿಯ ಸೈನ್ಯವೆಚ್ಚವಾದರೋ ಶಾಸನಸಭೆಯ ಮತಕ್ಕೆ ಬರುವಂತೆಯೇ ಇರಲಿಲ್ಲ. ೧೯೧೯ರ ಕಾಯಿದೆಯ ಪ್ರಕಾರ ರಕ್ಷಣೆಯ ಖರ್ಚು ಮತಕ್ಕೆ ಹೊರತಾದುದು. ವ್ಹಾಯಿಸರಾಯರು ಅಪ್ಪಣೆ ಕೊಟ್ಟರೆ ಮಾತ್ರ ಅದರ ಚರ್ಚೆ. ಹೀಗೆ ಬಡವನ ಅಂಬಲಿಯ ಉಪ್ಪಿನ ಮೇಲೆ ಮತ ಹಾಕಬಹುದು, ಆದರೆ ಆ ಮತಕ್ಕೆ ಬೆಲೆಯಿಲ್ಲ. ಸೈನ್ಯದ ಕೋಟಿಗಳ ಮೇಲೆ ಮತವನ್ನೇ ಹಾಕುವಂತಿಲ್ಲ! ಮರುವರ್ಷ ಉಪ್ಪಿನ ತೆರಿಗೆ ಹಳೆಯ ದರಕ್ಕೆ ಇಳಿಯಿತು. ಆದರೆ ಉಪ್ಪಿಗೂ ಸೈನ್ಯಕ್ಕೂ ಇದ್ದ ನಂಟು ಜನರ ಮನಸ್ಸಿನಲ್ಲಿ ನಿಂತಿತು.

ಗಾಂಧೀಜಿಯವರು ೧೯೩೦ರ ಜನವರಿಯಲ್ಲಿ ಸರಕಾರದ ಮುಂದೆ ಹನ್ನೊಂದು ಬೇಡಿಕೆಗಳನ್ನಿಟ್ಟಾಗ ಅವುಗಳಲ್ಲಿ ಉಪ್ಪಿನ ತೆರಿಗೆಯ ರದ್ದತಿಯೂ ಇತ್ತು, ಭೂಕಂದಾಯವನ್ನು ಅರ್ಧಕ್ಕಿಳಿಸುವುದೂ ಇತ್ತು, ಸೈನ್ಯವೆಚ್ಚವನ್ನು ಮೊದಲಿಗೆ ಕನಿಷ್ಠ ಅರ್ಧದಷ್ಟಾದರೂ ಕಡಿಮೆ ಮಾಡುವುದೂ ಇತ್ತು. ಇವು ಮೂರೂ ಬೇರೆಬೇರೆ ಬೇಡಿಕೆಗಳಲ್ಲ, ಒಂದೇ ಲೆಕ್ಕದ ಮೂರು ಸಾಲುಗಳು. ೧೯೩೧ರ ಮಾರ್ಚಿಯಲ್ಲಿ ವಲ್ಲಭಭಾಯಿ ಪಟೇಲರ ಅಧ್ಯಕ್ಷತೆಯಲ್ಲಿ ಕರಾಚಿಯಲ್ಲಿ ಸೇರಿದ ಕಾಂಗ್ರೆಸ್ಸು ಸ್ವರಾಜ್ಯದ ಮೂಲಭೂತ ಹಕ್ಕುಗಳ ಠರಾವಿನಲ್ಲಿ ಸೈನ್ಯವೆಚ್ಚವನ್ನು ಕನಿಷ್ಠ ಅರ್ಧಕ್ಕೆ ಇಳಿಸುವುದನ್ನೂ ಸೇರಿಸಿತು.

ತಪ್ಪಿದ ಕಡಿತ

ಇಂಚ್‌ಕೇಪನು ಹೇಳಿದ ೫೦ ಕೋಟಿಯ ಗುರಿಯನ್ನು ಸರಕಾರವು ಮುಟ್ಟಿದ್ದು ಯಾವಾಗ? ೧೯೨೯ರ ತರುವಾಯ ಜಗತ್ತಿನಲ್ಲೆಲ್ಲ ಧಾರಣೆಗಳು ಕುಸಿದು ಬೊಕ್ಕಸ ಬರಿದಾದಾಗ. ಸಂಬಳಗಳಲ್ಲಿ ಕಡಿತ, ಸಾಮಾನುಗಳಲ್ಲಿ ಕಡಿತ, ಕಟ್ಟಡಗಳಲ್ಲಿ ಕಡಿತ ಎಂದು ಹೇಗೋ ೧೯೩೦ರ ದಶಕದ ನಡುವಿಗೆ ವೆಚ್ಚವು ೪೫ ಕೋಟಿಯ ಸುಮಾರಿಗೆ ಬಂದಿತು. ೧೯೩೩ರಲ್ಲಿ ಗ್ಯಾರನ್ ಎಂಬ ಆಸ್ಟ್ರೇಲಿಯದ ನ್ಯಾಯವೇತ್ತನ ಅಧ್ಯಕ್ಷತೆಯ ಪಂಚಾಯತಿಯ ಫಲವಾಗಿ ಇಂಗ್ಲಂಡವು ವರ್ಷಕ್ಕೆ ಹದಿನೈದು ಲಕ್ಷ ಪೌಂಡು, ಅಂದರೆ ಎರಡು ಕೋಟಿ ರೂಪಾಯಿ ಕೊಡಲು ಒಪ್ಪಿತು. ವೆಲ್ಬಿ ಕಮಿಶನ್ನಿನ ಮುಂದೆ ಗೋಖಲೆ ಕೇಳಿದ ನ್ಯಾಯದ ಒಂದು ಚೂರು ಮೂವತ್ತಾರು ವರ್ಷಗಳ ಮೇಲೆ ದೊರೆಯಿತು. ಆಗ ಅವರೂ ಇರಲಿಲ್ಲ, ದಾದಾಭಾಯಿಯವರೂ ಇರಲಿಲ್ಲ.

ಕಡಿತವಾಯಿತು, ಆದರೆ ಎಂಥ ಕಡಿತ? ಇಲ್ಲಿಯೇ ನಾವು ಸೂಕ್ಷ್ಮವಾಗಿ ನೋಡಬೇಕಾದುದಿದೆ. ದುಬಾರಿಯಾದ ಗೋರಾ ಪಡೆಯ ಬಹುಭಾಗ ಹಾಗೆಯೇ ಉಳಿಯಿತು; ಯಾಕೆಂದರೆ ಅದು ರಾಜ್ಯವನ್ನು ಹಿಡಿದಿಡುವ ಪಡೆ. ದೇಶೀ ಅಧಿಕಾರಿಗಳನ್ನು ತಯಾರಿಸುವ ಕೆಲಸ ಎಂಟು ಪಡೆಗಳಿಗಷ್ಟೇ ಎಂದು ೧೯೨೩ರಲ್ಲಿ ಗೆರೆ ಕೊರೆದ ನಂತರ ಆಮೆಯ ನಡೆಯಲ್ಲಿ ಸಾಗಿತು. ಡೆಹರಾಡೂನಿನ ಸೈನಿಕ ವಿದ್ಯಾಲಯ ತೆರೆದದ್ದು ೧೯೩೨ರಲ್ಲಿ. ಕತ್ತರಿ ಬಿದ್ದದ್ದು ಯಂತ್ರಗಳಿಗೆ, ಹೊಸ ಆಯುಧಗಳಿಗೆ, ಶೇಖರಣೆಗೆ. ಪರಿಣಾಮವೇನೆಂದರೆ, ೧೯೩೯ರಲ್ಲಿ ಜರ್ಮನಿಯು ಪೋಲಂಡಿನ ಮೇಲೆ ಉಕ್ಕಿನ ರಥಗಳನ್ನು ನುಗ್ಗಿಸಿದಾಗ ಹಿಂದುಸ್ಥಾನದ ಸವಾರ ಪಡೆಯ ಬಹುಭಾಗ ಇನ್ನೂ ಕುದುರೆಯ ಬೆನ್ನ ಮೇಲೆಯೇ ಇತ್ತು. ಚ್ಯಾಟ್‌ಫೀಲ್ಡ್ ಕಮಿಟಿಯು ಆ ವರ್ಷ ಸೈನ್ಯವನ್ನು ಹೊಸಗೊಳಿಸಲು ಸುಮಾರು ೪೫ ಕೋಟಿ ಬೇಕೆಂದಿತು. ಇಂಗ್ಲಂಡವು ಅದರ ಮುಕ್ಕಾಲು ಪಾಲನ್ನು ತಾನು ಕೊಡುವೆನೆಂದು ಒಪ್ಪಬೇಕಾಯಿತು. ಮುಂದೆ ಯುದ್ಧದಲ್ಲಿ ಆ ಸೈನ್ಯವು ೨೫ ಲಕ್ಷ ಜನರಿಗೂ ಮೀರಿ ಬೆಳೆಯಿತು. ಇಂಗ್ಲಂಡದ ಪಾಲಿನ ವೆಚ್ಚವನ್ನೂ ಇಲ್ಲಿಯೇ ಕಾಗದದ ಹಣದಿಂದ ನಡೆಯಿಸಿ, ಲಂಡನ್ನಿನಲ್ಲಿ ೧೩೦ ಕೋಟಿ ಪೌಂಡುಗಳಷ್ಟು ಬಾಕಿಯನ್ನು ನಮ್ಮ ಹೆಸರಿಗೆ ಬರೆದಿಟ್ಟರು. ಬರೆದಿಟ್ಟ ಬಾಕಿ ಮುಂದೆ ಬಂದಿತು. ಆದರೆ ಏರಿದ ಧಾರಣೆಯಲ್ಲಿ ಬೆಂದವನು, ೧೯೪೩ರಲ್ಲಿ ಬಂಗಾಲದ ಬೀದಿಗಳಲ್ಲಿ ಹಸಿದು ಸತ್ತವನು ಮರಳಿ ಬರಲಿಲ್ಲ.

ಆದ್ದರಿಂದ ಒಂದು ಪಾಠವನ್ನು ಇಲ್ಲಿ ಗಂಟು ಹಾಕಿಕೊಳ್ಳೋಣ. ಖರ್ಚನ್ನು ಕಡಿಮೆ ಮಾಡುವುದೂ ವಿವೇಕದಿಂದ ಖರ್ಚು ಮಾಡುವುದೂ ಒಂದೇ ಅಲ್ಲ. ಬೊಕ್ಕಸ ಬರಿದಾದಾಗ ಕಣ್ಣು ಮುಚ್ಚಿ ಬೀಸಿದ ಕತ್ತರಿ ಕೊಬ್ಬನ್ನು ಬಿಟ್ಟು ನರವನ್ನು ಕೊಯ್ಯುತ್ತದೆ.

ಸ್ವರಾಜ್ಯದ ಪರೀಕ್ಷೆ

ಸ್ವರಾಜ್ಯ ಬಂದಿತು. ಕರಾಚಿಯ ಠರಾವು ಮಾಡಿದವರೇ ಅಧಿಕಾರಕ್ಕೆ ಬಂದರು. ೧೯೪೭ರ ನವೆಂಬರ ೨೬ರಂದು ಷಣ್ಮುಖಂ ಚೆಟ್ಟಿಯವರು ಸ್ವತಂತ್ರ ಭಾರತದ ಮೊದಲ ಮುಂಗಡಪತ್ರವನ್ನು ಮಂಡಿಸಿದರು. ಏಳೂವರೆ ತಿಂಗಳ ಒಟ್ಟು ವೆಚ್ಚ ೧೯೭ ಕೋಟಿ. ಅದರಲ್ಲಿ ರಕ್ಷಣೆಗೆ ಸುಮಾರು ೯೩ ಕೋಟಿ. ಅರ್ಧಕ್ಕೆ ಇಳಿಸುವೆವೆಂದವರು ಬೊಕ್ಕಸದ ಅರ್ಧದ ಹತ್ತಿರಕ್ಕೆ ಸೈನ್ಯಕ್ಕೇ ಕೊಡಬೇಕಾಯಿತು! ಇದನ್ನು ಕಂಡು ನಗುವವರಿದ್ದಾರೆ. ನಾವು ನಗುವುದಿಲ್ಲ. ದೇಶ ಒಡೆದಿತ್ತು, ನಿರಾಶ್ರಿತರ ಪ್ರವಾಹ ಹರಿಯುತ್ತಿತ್ತು, ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು. ಮುಖ್ಯವಾಗಿ, ಈ ಖರ್ಚನ್ನು ದೇಶದ ಸಭೆಯೇ ಒಪ್ಪಿ ಕೊಟ್ಟಿತು. ವ್ಹಾಯಿಸರಾಯನ ರುಜುವಿನಿಂದ ಅದು ಬರಲಿಲ್ಲ. ೧೯೪೯ರ ಜನವರಿ ೧೫ರಂದು ಕೊಡಗಿನ ಕಾರ್ಯಪ್ಪನವರು ಸೇನಾಪತಿಗಳಾದಾಗ ಗೋಖಲೆಯವರ ಎರಡನೆಯ ಬೇಡಿಕೆಯೂ ಪೂರ್ಣವಾಗಿ ಕೈಗೂಡಿತು.

ಆದರೆ ವಾದವು ಅಲ್ಲಿಗೆ ನಿಲ್ಲಲಿಲ್ಲ, ನಿಲ್ಲಲೂ ಕೂಡದು. ೧೯೫೧ರ ಅಕ್ಟೋಬರದಲ್ಲಿ ಮಂತ್ರಿಪದವನ್ನು ಬಿಟ್ಟಾಗ ಡಾ. ಅಂಬೇಡಕರರು ಕೊಟ್ಟ ಹೇಳಿಕೆಯಲ್ಲಿ, ವರ್ಷಕ್ಕೆ ಸಂಗ್ರಹವಾಗುವ ೩೫೦ ಕೋಟಿ ರೂಪಾಯಿಯಲ್ಲಿ ಸುಮಾರು ೧೮೦ ಕೋಟಿ ಸೈನ್ಯಕ್ಕೇ ಹೋಗುತ್ತದೆಂದೂ, ನಮಗೆ ಮಿತ್ರರಿಲ್ಲದಂತೆ ಮಾಡಿದ ಪರರಾಷ್ಟ್ರನೀತಿಯೇ ಇದಕ್ಕೆ ಕಾರಣವೆಂದೂ ದೂರಿದರು. ಅವರ ನಿದಾನವನ್ನು ಒಪ್ಪಬಹುದು, ಬಿಡಬಹುದು. ಆದರೆ ಸೈನ್ಯದ ವೆಚ್ಚವು ದಂಡಿನ ಪಾಳೆಯದಲ್ಲಿ ಹುಟ್ಟುವುದಿಲ್ಲ, ಪರರಾಷ್ಟ್ರನೀತಿಯಲ್ಲಿ ಹುಟ್ಟುತ್ತದೆ ಎಂಬ ಮಾತು ಬೆಲೆಯುಳ್ಳದ್ದು. ನೆರೆಯವರೊಡನೆ ಸಂಬಂಧ ಹೇಗಿದೆಯೋ ಹಾಗೆ ಸೈನ್ಯ.

ಮುಂದಿನ ಹತ್ತು ವರ್ಷ ದೇಶವು ಅಣೆಕಟ್ಟು, ಉಕ್ಕಿನ ಕಾರಖಾನೆ, ಶಾಲೆಗಳ ಕಡೆಗೆ ಮುಖ ತಿರುಗಿಸಿತು. ರಕ್ಷಣೆಯ ವೆಚ್ಚ ರಾಷ್ಟ್ರದ ಒಟ್ಟು ಉತ್ಪನ್ನದ ಶೇಕಡಾ ಎರಡರ ಆಸುಪಾಸಿಗೆ ನಿಂತಿತು. ಅದು ತಪ್ಪೆಂದು ನಾವು ಹೇಳೆವು. ಆದರೆ ೧೯೬೨ರ ಅಕ್ಟೋಬರ ೨೦ರಂದು ಚೀನದ ಪಡೆಗಳು ನುಗ್ಗಿದಾಗ, ಹಿಮಾಲಯದ ನೆತ್ತಿಯ ಮೇಲೆ ನಮ್ಮ ಸಿಪಾಯಿಗಳು ಚಳಿಗೆ ತಕ್ಕ ಉಡುಪಿಲ್ಲದೆ, ಹಳೆಯ ಕಾಲದ ಬಂದೂಕು ಹಿಡಿದು ನಿಂತಿದ್ದರು. ಇದು ಬರಿಯ ಹಣದ ಕೊರತೆಯಲ್ಲ. ಗಡಿಯಲ್ಲಿ ಠಾಣೆಗಳನ್ನು ಮುಂದೆಮುಂದಕ್ಕೆ ಇರಿಸುವ ನೀತಿ ಒಂದು ಕಡೆ, ಅದಕ್ಕೆ ತಕ್ಕ ಸಾಮಗ್ರಿಯಿಲ್ಲದ ಸೈನ್ಯ ಇನ್ನೊಂದು ಕಡೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನೋಡುವವರಿಲ್ಲವಾದುದೇ ಆಪತ್ತು. ಆ ಮೇಲೆ ೧೯೬೩–೬೪ರ ಮುಂಗಡಪತ್ರದಲ್ಲಿ ರಕ್ಷಣೆಗೆ ೮೬೭ ಕೋಟಿಯನ್ನು ತೆಗೆದಿಡಬೇಕಾಯಿತು. ಎರಡು ವರ್ಷಗಳ ಹಿಂದೆ ಅದು ಸುಮಾರು ೩೦೦ ಕೋಟಿಯಷ್ಟಿತ್ತು. ಗಾಬರಿಯಲ್ಲಿ ಮಾಡಿದ ಖರ್ಚು ಯಾವಾಗಲೂ ದುಬಾರಿ.

ಇಂದಿನ ಪ್ರಶ್ನೆ

ಈಗ ನಮ್ಮ ಕಾಲಕ್ಕೆ ಬರೋಣ. ೨೦೨೫–೨೬ರ ಮುಂಗಡಪತ್ರದಲ್ಲಿ ರಕ್ಷಣೆಗೆ ಸುಮಾರು ೬.೮೧ ಲಕ್ಷ ಕೋಟಿ ರೂಪಾಯಿ ತೆಗೆದಿಟ್ಟರು. ಕೇಂದ್ರದ ಒಟ್ಟು ವೆಚ್ಚದಲ್ಲಿ ಇದು ಶೇಕಡಾ ಹದಿಮೂರಕ್ಕೆ ತುಸು ಮೇಲೆ; ೧೯೪೭ರ ಅರ್ಧಭಾಗಕ್ಕೆ ಹೋಲಿಸಿದರೆ ಬಹು ಕಡಿಮೆ. ಇದರಲ್ಲಿ ನಿವೃತ್ತರ ಪಿಂಚಣಿಗೇ ಸುಮಾರು ೧.೬೦ ಲಕ್ಷ ಕೋಟಿ ಹೋಗುತ್ತದೆ. ಹೊಸ ಆಯುಧ, ವಿಮಾನ, ಹಡಗುಗಳ ಬಾಬ್ತು ಸುಮಾರು ೧.೮೦ ಲಕ್ಷ ಕೋಟಿ. ಆದ್ದರಿಂದ ‘ಕಡಿತ’ವೆಂದ ಕೂಡಲೇ, ಯಾವುದರ ಕಡಿತ ಎಂದು ಕೇಳಬೇಕಾಗುತ್ತದೆ. ವಯಸ್ಸೆಲ್ಲ ಗಡಿಯಲ್ಲಿ ಕಳೆದವನ ಪಿಂಚಣಿಯನ್ನು ಕತ್ತರಿಸುವುದೇ? ೨೦೨೨ರಲ್ಲಿ ಬಂದ ನಾಲ್ಕು ವರ್ಷಗಳ ಸೇವೆಯ ‘ಅಗ್ನಿಪಥ’ ಯೋಜನೆಯ ಸುತ್ತ ಎದ್ದ ವಾದವಿವಾದಗಳಲ್ಲಿ ಈ ಪಿಂಚಣಿಯ ಮಾತೂ ಬಂದಿತು. ನೂರರಲ್ಲಿ ಇಪ್ಪತ್ತೈದು ಜನರನ್ನಷ್ಟೇ ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸುವ ಆ ಕ್ರಮದಿಂದ ಬೊಕ್ಕಸಕ್ಕೆ ಲಾಭವಾದೀತು. ಪಡೆಗೆ ಲಾಭವೋ ನಷ್ಟವೋ ಎಂಬುದನ್ನು ಕಾಲವು ಹೇಳಬೇಕು.

ನಮ್ಮ ಬೆಂಗಳೂರಿನ ಮಾತನ್ನೂ ಮರೆಯುವಂತಿಲ್ಲ. ೧೯೪೦ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ಸಹಾಯದಿಂದ ಕಟ್ಟಿದ ವಿಮಾನ ಕಾರಖಾನೆ, ೧೯೫೪ರಲ್ಲಿ ಆರಂಭವಾದ ಭಾರತ್ ಇಲೆಕ್ಟ್ರಾನಿಕ್ಸ್, ಇವುಗಳ ಸುತ್ತ ಸಾವಿರಾರು ಸಂಸಾರಗಳು ಬೆಳೆದಿವೆ. ರಕ್ಷಣೆಯ ಹಣವು ಅನೇಕರ ಅನ್ನವೂ ಆಗಿದೆ. ಆದರೆ ಅನ್ನ ಸಿಗುತ್ತದೆಂಬುದೊಂದೇ ಕಾರಣಕ್ಕೆ ಬೇಡದ ಆಯುಧವನ್ನು ಮಾಡಲಾಗದು. ಅದೇ ಹಣದಿಂದ ಶಾಲೆ ಕಟ್ಟಿದರೂ ಅನ್ನ ಹುಟ್ಟುತ್ತದೆ. ಈ ನೆಲೆಯಲ್ಲಿ ಕನ್ನಡಿಗರೆಂಬ ಅಭಿಮಾನವನ್ನೂ ಬದಿಗಿಟ್ಟು ವಿಚಾರ ಮಾಡಬೇಕು.

ಹಾಗಾದರೆ ನಮ್ಮ ನಿರ್ಣಯವೇನು? ಕಡಿತವನ್ನೋ ವೃದ್ಧಿಯನ್ನೋ ಮಂತ್ರದಂತೆ ಜಪಿಸುವುದು ಬೇಡ. ಪ್ರತಿವರ್ಷ ಮುಂಗಡಪತ್ರವು ಬಂದಾಗ ಮೂರು ಪ್ರಶ್ನೆಗಳನ್ನು ಕೇಳೋಣ. ಈ ಸೈನ್ಯವು ಯಾರ ಸಲುವಾಗಿ, ಯಾವ ಭಯಕ್ಕಾಗಿ? ಈ ಹಣಕ್ಕೆ ಒಪ್ಪಿಗೆ ಕೊಟ್ಟವರು ಯಾರು, ಓದಿ ಕೊಟ್ಟರೋ ಓದದೆ ಕೊಟ್ಟರೋ? ಇದಕ್ಕಾಗಿ ಬಿಟ್ಟುಕೊಟ್ಟದ್ದು ಏನು? ಮೊದಲನೆಯ ಪ್ರಶ್ನೆಯನ್ನು ವೆಲ್ಬಿ ಕಮ���ಶನ್ನಿನ ಮುಂದೆ ನಮ್ಮ ಹಿರಿಯರು ಕೇಳಿದರು. ಅದಕ್ಕೆ ಉತ್ತರ ೧೯೪೭ರಲ್ಲಿ ಬಂದಿತು. ಸೈನ್ಯ ಈಗ ನಮ್ಮದೇ. ಮೂರನೆಯದನ್ನು ಗೋಖಲೆಯವರು ಶಾಲೆಯ ಮಕ್ಕಳ ಪರವಾಗಿ ಕೇಳಿದರು; ಅದಕ್ಕೆ ಪ್ರತಿವರ್ಷವೂ ಹೊಸದಾಗಿ ಉತ್ತರ ಕಂಡುಕೊಳ್ಳಬೇಕು.

ಆದರೆ ಎರಡನೆಯ ಪ್ರಶ್ನೆಯೇ ನಮ್ಮನ್ನು ಚುಚ್ಚುತ್ತದೆ. ಗೋಖಲೆಯವರ ಕಾಲದಲ್ಲಿ ಮಾತಿತ್ತು, ಮತವಿರಲಿಲ್ಲ ಎಂದು ನಾವು ಹೇಳಿದೆವಷ್ಟೆ. ಈಗ ನಮ್ಮ ಪ್ರತಿನಿಧಿಗಳ ಕೈಯಲ್ಲಿ ಮತವಿದೆ, ಮಾತು ಎಲ್ಲಿದೆ? ೨೦೧೮ರಲ್ಲಿಯೂ ೨೦೨೩ರಲ್ಲಿಯೂ ಲೋಕಸಭೆಯು ಗದ್ದಲದ ನಡುವೆ ಎಲ್ಲ ಇಲಾಖೆಗಳ ಬೇಡಿಕೆಗಳನ್ನೂ ಚರ್ಚೆಯಿಲ್ಲದೆ ಒಟ್ಟಿಗೆ ಅಂಗೀಕರಿಸಿತು. ರಕ್ಷಣೆಯ ಲಕ್ಷಾಂತರ ಕೋಟಿಗಳೂ ಅದರಲ್ಲಿ ಸೇರಿದ್ದವು. ರಕ್ಷಣೆಯ ಸ್ಥಾಯೀ ಸಮಿತಿಯಿದೆ, ಅದು ಬೇಡಿಕೆಗಳನ್ನು ಪರಿಶೀಲಿಸಿ ವರದಿ ಕೊಡುತ್ತದೆ. ಮಹಾಲೇಖಪಾಲರ ವರದಿಗಳು ಬರುತ್ತವೆ. ಇವು ಒಳ್ಳೆಯವೇ. ಆದರೆ ಸಭೆಯೇ ಬಾಯಿ ಮುಚ್ಚಿಕೊಂಡು ಕೈಯೆತ್ತಿದರೆ ಆ ವರದಿಗಳನ್ನು ಓದುವವರು ಯಾರು? ಒಂದು ಕಾಲಕ್ಕೆ ಒಂದು ಕಾಸನ್ನೂ ಕಡಿಮೆ ಮಾಡಲಾರದ ಕೌನ್ಸಿಲಿನಲ್ಲಿ ಒಬ್ಬ ಅಧ್ಯಾಪಕನು ಅಂಕಿಸಂಖ್ಯೆಗಳೊಡನೆ ಗಂಟೆಗಟ್ಟಲೆ ವಾದಿಸಿದನು. ಎಲ್ಲವನ್ನೂ ಮಾಡಬಲ್ಲ ಸಭೆಯು ಕೆಲವು ನಿಮಿಷಗಳಲ್ಲಿ ಎಲ್ಲವನ್ನೂ ಮುಗಿಸಿತು. ಹೀಗೆ ಬಿಟ್ಟುಕೊಟ್ಟ ಹಕ್ಕು ಕಸಿದುಕೊಂಡ ಹಕ್ಕಿಗಿಂತ ಹೆಚ್ಚು ನಾಚಿಕೆಯ ಸಂಗತಿ.

ಗೋಖಲೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನ ಅಧ್ಯಾಪಕರಾಗಿದ್ದರು. ಅಂಕಗಣಿತದ ಪಠ್ಯಪುಸ್ತಕವನ್ನು ಬರೆದವರು. ಸರಕಾರದ ಲೆಕ್ಕವನ್ನು ಅವರು ಮಕ್ಕಳ ಲೆಕ್ಕವನ್ನು ತಿದ್ದಿದಂತೆಯೇ ತಿದ್ದಿದರು. ತಾವೂ ಅದೇ ವೃತ್ತಿಯವರು. ತಮ್ಮ ಊರಿನ ವಾಚನಾಲಯದಲ್ಲಿ ವರ್ಷಕ್ಕೊಂದು ದಿನ ಮುಂಗಡಪತ್ರದ ರಕ್ಷಣೆಯ ಭಾಗವನ್ನು ಕನ್ನಡದಲ್ಲಿ ಓದಿ ಜನರಿಗೆ ಬಿಡಿಸಿ ಹೇಳಿರಿ. ತಮ್ಮ ಪ್ರತಿನಿಧಿಯು ಊರಿಗೆ ಬಂದಾಗ, ಆ ಭಾಗದ ಮೇಲೆ ತಾವು ಮಾತಾಡಿದಿರಾ ಎಂದು ಕೇಳಿರಿ. ಅದಕ್ಕೆ ಸೈನ್ಯದ ಮೇಲಣ ದ್ವೇಷವೂ ಬೇಕಿಲ್ಲ, ಸರಕಾರದ ಮೇಲಣ ಸಿಟ್ಟೂ ಬೇಕಿಲ್ಲ. ಮನೆಯ ಯಜಮಾನನು ಕಾವಲುಗಾರನಿಗೆ ಸಂಬಳ ಕೊಡುವಾಗ ಲೆಕ್ಕ ಕೇಳುವುದು ಕಾವಲು ಬೇಡವೆಂದಲ್ಲ. ಮನೆ ತನ್ನದೆಂಬ ಎಚ್ಚರವಿದೆಯೆಂದು.